ಮನವಿ ಯಾರ ಮೇಜಿಗೆ ಹೋಗಬೇಕು?

ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನ ಒಂದು ಹಳ್ಳಿಯವನು. ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಕ್ಸಿಜನ್ ಯಂತ್ರ ಬಂತು, ಹೊಸ ಹಾಸಿಗೆ ಬಂತು, ಡಾಕ್ಟರೂ ಇದ್ದರು. ಈಗ ಒಂದೂವರೆ ವರ್ಷದಿಂದ ಡಾಕ್ಟರಿಲ್ಲ. ವಾರಕ್ಕೊಂದು ದಿನ ಬೇರೆ ಕಡೆಯಿಂದ ಒಬ್ಬರು ಬಂದು ಹೋಗುತ್ತಾರೆ. ನಾವು ಹುಡುಗರು ಸೇರಿ 600 ಸಹಿ ಹಾಕಿಸಿದೆವು. ಶಾಸಕರಿಗೆ, ಡಿಸಿಯವರಿಗೆ, ಮಂತ್ರಿಗಳಿಗೆ ಮನವಿ ಕೊಟ್ಟೆವು. ಟ್ವಿಟರ್‌ನಲ್ಲೂ ಹಾಕಿದೆವು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಿಟ್ಟರೆ ಏನೂ ಆಗಲಿಲ್ಲ. ಕೇಂದ್ರಕ್ಕೆ ಬೀಗ ಹಾಕೋಣ ಎಂದು ಕೆಲವರು ಹೇಳುತ್ತಿದ್ದಾರೆ. ಇನ್ನೊಂದು ವಿಷಯ. ಪಕ್ಕದ ಮನೆಯ ಅಕ್ಕನ ಗಂಡ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರಿಗೆ ಪರಿಹಾರ ಬಂದೇ ಇಲ್ಲ. ಜನ ಕೇಳಿದರೆ ಸರ್ಕಾರ ನಿಜಕ್ಕೂ ಮಾಡುತ್ತದಾ? ಹೇಗೆ ಕೇಳಬೇಕು?

ಉತ್ತರ: ಮಾಡುತ್ತದೆ. ಆದರೆ ಕೇಳುವ ಜಾಗ ಸರಿ ಇರಬೇಕು, ಕೇಳುವ ಮಾತೂ ಸರಿ ಇರಬೇಕು. ನಿಮ್ಮ 600 ಸಹಿ ವ್ಯರ್ಥವಾಗಿಲ್ಲ, ಆ ಹಾಳೆಗಳನ್ನು ಜೋಪಾನ ಮಾಡಿ. ಸದ್ಯಕ್ಕೆ ಅವು ತಪ್ಪು ಮೇಜಿನ ಮೇಲೆ ಕೂತಿವೆ, ಅಷ್ಟೇ.

ಮೊದಲು ಬೀಗದ ಮಾತು ಮುಗಿಸಿಬಿಡುತ್ತೇನೆ. ದಯವಿಟ್ಟು ಬೀಗ ಹಾಕಬೇಡಿ. ಡಾಕ್ಟರಿಲ್ಲದಿದ್ದರೂ ಆ ಕೇಂದ್ರದಲ್ಲಿ ನರ್ಸ್ ಇದ್ದಾರೆ, ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಾರೆ, ಬಿಪಿ ಶುಗರ್ ಮಾತ್ರೆ ಕೊಡುತ್ತಾರೆ. ಬೀಗ ಹಾಕಿದ ದಿನ ತೊಂದರೆ ಆಗುವುದು ನಿಮ್ಮೂರಿನ ಬಸುರಿಗೆ, ಬೆಂಗಳೂರಿನ ಅಧಿಕಾರಿಗೆ ಅಲ್ಲ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಆಸ್ತಿ ಹಾನಿ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ತಳ್ಳಾಟ ಆಗಿ ಕೇಸು ಬಿದ್ದರೆ ಮುಂದಿನ ಎರಡು ವರ್ಷ ನೀವು ಡಾಕ್ಟರಿಗಾಗಿ ಓಡಾಡುವುದಿಲ್ಲ, ಜಾಮೀನಿಗಾಗಿ ಓಡಾಡುತ್ತೀರಿ. ಅಲ್ಲಿನ ನರ್ಸ್, ಆಶಾ ಕಾರ್ಯಕರ್ತೆ ನಿಮ್ಮ ಎದುರಾಳಿಗಳಲ್ಲ. ಡಾಕ್ಟರು ಯಾವ ದಿನ ಬಂದರು, ಯಾವ ದಿನ ಬರಲಿಲ್ಲ ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಇಲ್ಲ.

ಈಗ ನಿಮ್ಮ ಜಿಲ್ಲೆಯದೇ ಕಥೆ ನೆನಪಿಸುತ್ತೇನೆ. ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆ ಬೇಕು ಎಂದು 2019ರಲ್ಲೇ ಟ್ವಿಟರ್ ಅಭಿಯಾನ ನಡೆದಿತ್ತು. ಸಾವಿರಾರು ಜನ ಬರೆದರು, ಆಗಿನ ಮುಖ್ಯಮಂತ್ರಿ ಸ್ಪಂದಿಸಿದರು. ಆಮೇಲೆ ಕೋವಿಡ್ ಬಂತು, ಹೋಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಳೆಯಲ್ಲಿ ಜಾರಿ ಬಡಿಯಿತು. ನಾಲ್ವರು ಸತ್ತರು. ಆ ಸಿಸಿಟಿವಿ ದೃಶ್ಯ ನೋಡಿದವರು ಯಾರೂ ಮರೆತಿಲ್ಲ. ಮತ್ತೆ ಜಿಲ್ಲೆ ಎದ್ದು ನಿಂತಿತು. ‘ನೋ ಹಾಸ್ಪಿಟಲ್ ನೋ ವೋಟ್’ ಎಂಬ ಕೂಗು ಕಾರವಾರದಿಂದ ಭಟ್ಕಳದವರೆಗೆ ಹಬ್ಬಿತು. ಸರ್ಕಾರ ಮತ್ತೆ ಭರವಸೆ ಕೊಟ್ಟಿತು.

ಗಮನಿಸಿ. ಮೂರು ವರ್ಷದ ಅಂತರದಲ್ಲಿ ಅದೇ ಜನ ಅದೇ ಬೇಡಿಕೆ ಇಡಬೇಕಾಯಿತು. ಕೂಗಿಗೆ ಬೆಲೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆ ಕೂಗು ಇಲ್ಲದಿದ್ದರೆ ರಾಜಧಾನಿಯಲ್ಲಿ ಯಾರಿಗೂ ಈ ನೋವು ಗೊತ್ತಾಗುತ್ತಿರಲಿಲ್ಲ. ಆದರೆ ಕೂಗಿಗೆ ಸಿಗುವುದು ಮಾತು. ಮಾತಿಗೂ ಆಸ್ಪತ್ರೆಗೂ ನಡುವೆ ಉದ್ದದ ದಾರಿ ಇದೆ. ಜಾಗ ಗುರುತಿಸಬೇಕು, ಹಣಕಾಸು ಇಲಾಖೆ ಒಪ್ಪಬೇಕು, ಹುದ್ದೆ ಮಂಜೂರಾಗಬೇಕು, ಟೆಂಡರ್ ಆಗಬೇಕು. ಕಡತ ಇದರಲ್ಲಿ ಯಾವ ಮೆಟ್ಟಿಲಿನ ಮೇಲೆ ನಿಂತಿದೆ ಎಂದು ಪ್ರತಿ ತಿಂಗಳು ಕೇಳುವವರು ಬೇಕು. ಟ್ವೀಟ್ ಮಾಡಿದ ಸಾವಿರ ಜನರಲ್ಲಿ ಹತ್ತು ಜನ ಈ ಕೆಲಸ ಹಿಡಿದರೂ ಸಾಕು.

ಕೆಲವು ಬೇಡಿಕೆ ಮಾತ್ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಈಡೇರುತ್ತವೆ. ಏಕೆ ಗೊತ್ತಾ? 2020ರ ಮೇ 5ರಂದು ನಮ್ಮ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳು ಬೇಡ ಎಂದು ರೈಲ್ವೆಗೆ ಪತ್ರ ಬರೆಯಿತು. ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ಆದ ದಿನವೇ ಇದು ನಡೆಯಿತು. ಊರಿಗೆ ಹೋಗಲು ಗಂಟು ಕಟ್ಟಿ ಕೂತಿದ್ದ ಕಾರ್ಮಿಕರು ಕಂಗಾಲಾದರು. ಕಾರ್ಮಿಕ ಸಂಘಗಳು, ವಕೀಲರು, ಸ್ವಯಂಸೇವಕರು, ಪತ್ರಿಕೆಗಳು ಎಲ್ಲ ಒಟ್ಟಿಗೆ ಕೇಳಿದವು. ಎರಡೇ ದಿನದಲ್ಲಿ ಸರ್ಕಾರ ಇನ್ನೊಂದು ಪತ್ರ ಬರೆದು ಮೇ 8ರಿಂದ ರೈಲು ಬೇಕೆಂದು ಕೇಳಿತು. ಅಲ್ಲಿ ಬೇಕಿದ್ದದ್ದು ಒಂದು ಪತ್ರ, ಒಂದು ಸಹಿ. ಯಾವ ಪೆನ್ನು ನಿಲ್ಲಿಸಿತ್ತೋ ಅದೇ ಪೆನ್ನು ಬಿಡಿಸಬಹುದಿತ್ತು.

ನಿಮ್ಮೂರ ಡಾಕ್ಟರ ವಿಷಯ ಒಂದು ಸಹಿಯದೋ, ಹಣ ಮತ್ತು ಹುದ್ದೆಯದೋ? ಇದು ಗೊತ್ತಾಗದೆ ಮುಂದೆ ಹೋಗಬೇಡಿ. ನಾನು ಇಪ್ಪತ್ತು ವರ್ಷದಿಂದ ಹಳ್ಳಿಗಳ ಮನವಿಗಳನ್ನು ನೋಡುತ್ತಿದ್ದೇನೆ. ‘ನಮಗೆ ಡಾಕ್ಟರು ಬೇಕು’ ಎಂಬ ಮನವಿಯ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಹುದ್ದೆ ಮಂಜೂರಾಗಿದೆ, ಖಾಲಿ ಬಿದ್ದಿದೆ. ಅಥವಾ ಹುದ್ದೆಯೇ ಮಂಜೂರಾಗಿಲ್ಲ, ಕೋವಿಡ್ ಕಾಲಕ್ಕೆ ಮಾತ್ರ ಗುತ್ತಿಗೆಯ ಮೇಲೆ ಒಬ್ಬರನ್ನು ಕಳಿಸಿದ್ದರು. ಮೂರನೆಯದು ಜಾಸ್ತಿ ಮೋಸ ಮಾಡುವಂಥದ್ದು. ಕಾಗದದಲ್ಲಿ ಡಾಕ್ಟರು ಇದ್ದಾರೆ, ಸಂಬಳವೂ ನಿಮ್ಮೂರ ಕೇಂದ್ರದ ಲೆಕ್ಕದಲ್ಲೇ ಹೋಗುತ್ತದೆ, ಆದರೆ ಅವರನ್ನು ‘ನಿಯೋಜನೆ’ ಮೇಲೆ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಕಚೇರಿಗೋ ಹಾಕಿಕೊಂಡಿರುತ್ತಾರೆ.

ಮೂರನೆಯದಾಗಿದ್ದರೆ ನಿಮ್ಮ ಮನವಿಗೆ ಮಂತ್ರಿ ಕಚೇರಿ ಏನು ಮಾಡುತ್ತದೆ? ಜಿಲ್ಲೆಗೆ ಕಳಿಸುತ್ತದೆ. ಜಿಲ್ಲೆಯವರು ‘ಸದರಿ ಕೇಂದ್ರದಲ್ಲಿ ವೈದ್ಯಾಧಿಕಾರಿ ಕಾರ್ಯನಿರ್ವಹಿಸುತ್ತಿದ್ದಾರೆ’ ಎಂದು ಬರೆಯುತ್ತಾರೆ. ಕಡತ ಮುಚ್ಚಿತು. ಸುಳ್ಳು ಬರೆದ ಹಾಗೂ ಆಗಲಿಲ್ಲ, ನಿಮಗೆ ಡಾಕ್ಟರೂ ಬರಲಿಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಊರಿನಲ್ಲಿ ಹೀಗೇ ಎರಡು ವರ್ಷ ಕಳೆದುಹೋಯಿತು. ಕೊನೆಗೆ ನಿಯೋಜನೆ ಆದೇಶದ ಪ್ರತಿ ಕೈಗೆ ಬಂದ ಮೇಲೆ ಊರವರು ಕೇಳಿದ್ದು ಒಂದೇ ಮಾತು: ‘ಈ ತಾರೀಖಿನ ಈ ನಂಬರಿನ ಆದೇಶ ರದ್ದು ಮಾಡಿ’. ಮೂರು ವಾರದಲ್ಲಿ ಆಯಿತು.

ಆದ್ದರಿಂದ ಮೊದಲ ಕೆಲಸ ಮಾಹಿತಿ ಹಕ್ಕಿನ ಅರ್ಜಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಚ್ಚಿದರೆ ಆಯಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ನಮ್ಮ ರಾಜ್ಯದ ನಿಯಮ ಒಂದು ನೆನಪಿರಲಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ‘ಡಾಕ್ಟರನ್ನು ಏಕೆ ಹಾಕಿಲ್ಲ?’ ಎಂದು ಕೇಳಬೇಡಿ. ಏಕೆ ಎಂಬುದು ಮಾಹಿತಿ ಅಲ್ಲ ಎಂದು ವಾಪಸ್ ಬರುತ್ತದೆ. ಕಾಗದ ಕೇಳಿ. ನಿಮ್ಮ ಕೇಂದ್ರಕ್ಕೆ ಮಂಜೂರಾದ ಹುದ್ದೆಗಳು, ಭರ್ತಿಯಾದವು, ಖಾಲಿ ಇರುವವು ತೋರಿಸುವ ಪಟ್ಟಿಯ ಪ್ರತಿ. ವೈದ್ಯಾಧಿಕಾರಿ ಹುದ್ದೆಗೆ ಸಂಬಂಧಿಸಿದ ನೇಮಕ, ವರ್ಗಾವಣೆ, ನಿಯೋಜನೆ ಆದೇಶಗಳ ಪ್ರತಿ. ಕಳೆದ ಆರು ತಿಂಗಳ ಹಾಜರಿ ಪುಸ್ತಕದ ಪ್ರತಿ. ಇಷ್ಟೇ ಸಾಕು.

ಉತ್ತರ ಕೊಡಲು ಅವರಿಗೆ 30 ದಿನ. ಬರಲಿಲ್ಲ ಅಥವಾ ಅರ್ಧಂಬರ್ಧ ಬಂತು ಅಂದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದಲ್ಲಿ ತುಂಬ ಕಾಯಬೇಕಾಗುತ್ತದೆ, ಹಾಗಾಗಿ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ.

ಕಾಗದ ಬರುವ ತನಕ ಸುಮ್ನೆ ಕೂರಬೇಕಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಡಾಕ್ಟರು ಬಂದ ದಿನ, ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ಆ ದಿನ ಕೇಂದ್ರಕ್ಕೆ ಬಂದು ವಾಪಸ್ ಹೋದವರು ಎಷ್ಟು ಜನ, ಅವರು ಮುಂದೆ ಎಲ್ಲಿಗೆ ಹೋದರು, ಬಾಡಿಗೆ ಗಾಡಿಗೆ ಎಷ್ಟು ಕೊಟ್ಟರು ಎಂದು ಕೇಳಿ ಬರೆಯಿರಿ. ರೋಗಿಯ ಹೆಸರು, ಕಾಯಿಲೆ ಬೇಡ, ಅದು ಅವರ ಸ್ವಂತ ವಿಷಯ. ಮಣಿಪಾಲಕ್ಕೆ ನಿಮ್ಮಿಂದ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಜ್ವರಕ್ಕೆ, ಒಂದು ಹಾವಿನ ಕಡಿತಕ್ಕೆ ನಿಮ್ಮೂರು ಎಷ್ಟು ಖರ್ಚು ಮಾಡುತ್ತಿದೆ ಎಂಬ ಲೆಕ್ಕ ಎರಡು ತಿಂಗಳಲ್ಲಿ ಸಿಗುತ್ತದೆ. ‘ಜನರಿಗೆ ತುಂಬ ತೊಂದರೆ ಆಗುತ್ತಿದೆ’ ಎಂಬ ವಾಕ್ಯಕ್ಕಿಂತ ಆ ಲೆಕ್ಕ ಹತ್ತು ಪಟ್ಟು ಗಟ್ಟಿ.

ಲೆಕ್ಕದ ಬಲ ಎಷ್ಟು ಎಂದು ಆಮ್ಲಜನಕದ ವಿಷಯದಲ್ಲಿ ನಾವು ನೋಡಿದ್ದೇವೆ. 2021ರ ಮೇ 5ರಂದು ನಮ್ಮ ಹೈಕೋರ್ಟು ರಾಜ್ಯಕ್ಕೆ ಕೊಡುವ ಆಮ್ಲಜನಕವನ್ನು ದಿನಕ್ಕೆ 965 ಟನ್ನಿನಿಂದ 1,200 ಟನ್ನಿಗೆ ಏರಿಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆಯಲ್ಲಿ ಬಂದ ಆದೇಶ ಅದು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ದಿನದಲ್ಲಿ ಸುಪ್ರೀಂ ಕೋರ್ಟು ಆ ಆದೇಶದಲ್ಲಿ ಕೈ ಹಾಕಲು ಒಪ್ಪಲಿಲ್ಲ. ಇಷ್ಟು ಬೇಕು, ಇಷ್ಟು ಬರುತ್ತಿದೆ ಎಂಬ ಎರಡು ಅಂಕಿ ನ್ಯಾಯಾಧೀಶರ ಮುಂದೆ ಇದ್ದವು. ಹೈಕೋರ್ಟಿನ ಆ ಆದೇಶಕ್ಕೆ ಎರಡು ದಿನ ಮೊದಲು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ಏನಾಯಿತು ಎಂದು ನಿಮಗೆ ಗೊತ್ತಿದೆ. ಅಲ್ಲಿ 24 ಸಾವು ಎಂದು ಮೊದಲ ಸುದ್ದಿ ಬಂತು. ಆಮ್ಲಜನಕ ಇಲ್ಲದೆ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಹೇಳಿದರು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಸಮಿತಿ ಮಾಡಿದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ. ಆ ಕುಟುಂಬಗಳ ನೋವನ್ನು ನೆನೆಯದೆ ಇದನ್ನು ಬರೆಯಲು ನನಗಾಗುವುದಿಲ್ಲ. ಆದರೆ ನೋಡಿ, ಅಲ್ಲೂ ಕೊನೆಗೆ ಮಾತಾಡಿದ್ದು ಆಸ್ಪತ್ರೆಯ ದಾಖಲೆಗಳೇ.

ಮಾಹಿತಿ ಬಂದ ಮೇಲೆ ಹೊಸ ಮನವಿ ಬರೆಯಿರಿ. ಹಳೆಯದನ್ನು ಮತ್ತೆ ಕಳಿಸಬೇಡಿ. ಹೊಸದರಲ್ಲಿ ಒಂದೇ ಬೇಡಿಕೆ ಇರಲಿ. ಡಾಕ್ಟರು, ರಸ್ತೆ, ಬಸ್ಸು, ಬೀದಿ ದೀಪ ಎಲ್ಲ ಸೇರಿಸಿ ಬರೆದ ಮನವಿಗಳನ್ನು ನಾನು ನೂರಾರು ನೋಡಿದ್ದೇನೆ. ಅಧಿಕಾರಿ ಅದರಲ್ಲಿ ಸುಲಭವಾದದ್ದನ್ನು ಮಾಡಿ, ‘ಮನವಿ ಇತ್ಯರ್ಥಪಡಿಸಲಾಗಿದೆ’ ಎಂದು ಬರೆಯುತ್ತಾರೆ. ದೀಪ ಉರಿಯುತ್ತದೆ, ಡಾಕ್ಟರು ಬರುವುದಿಲ್ಲ.

ಒಂದೇ ಬೇಡಿಕೆಗೆ ಅಂಟಿಕೊಳ್ಳುವುದನ್ನು ಆಶಾ ಕಾರ್ಯಕರ್ತೆಯರಿಂದ ಕಲಿಯಬೇಕು. 2020ರ ಜುಲೈನಲ್ಲಿ, ಮನೆ ಮನೆಗೆ ಹೋಗಿ ಕೋವಿಡ್ ಸಮೀಕ್ಷೆ ಮಾಡುತ್ತಿದ್ದ ಹೊತ್ತಿನಲ್ಲೇ, ರಾಜ್ಯದ ಸುಮಾರು 42,000 ಆಶಾಗಳು ಕೆಲಸ ನಿಲ್ಲಿಸಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕು ಸುರಕ್ಷಾ ಸಾಮಗ್ರಿ ಕೊಡಿ ಎಂದು ಕೇಳಿದರು. ಆಗ ಕೇಳಿದ್ದು ಪೂರ್ತಿ ಸಿಗಲಿಲ್ಲ. ಅವರು ಬಿಡಲಿಲ್ಲ. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡಲು ಮುಖ್ಯಮಂತ್ರಿಗಳು ಒಪ್ಪಿದರು. ನಾಲ್ಕೂವರೆ ವರ್ಷ! ಗೌರವಧನ ಎಷ್ಟು ಬೇಕು ಎಂದು ರಾಯಚೂರಿನ ಆಶಾಳನ್ನು ಕೇಳಿದರೂ, ಕೊಡಗಿನ ಆಶಾಳನ್ನು ಕೇಳಿದರೂ ಉತ್ತರ ಒಂದೇ ಇತ್ತು. ನಿಮ್ಮೂರಲ್ಲೂ ಹಾಗೇ ಇರಬೇಕು. ಅಂಗಡಿ ಮುಂದೆ ಕೂತ ಹಿರಿಯರನ್ನು ಪತ್ರಕರ್ತರು ಕೇಳಿದರೂ ಅದೇ ಒಂದು ವಾಕ್ಯ ಬರಬೇಕು.

ಮನವಿ ಯಾರಿಗೆ? ನಿಯೋಜನೆ ರದ್ದಾಗಬೇಕಿದ್ದರೆ ಆದೇಶಕ್ಕೆ ಸಹಿ ಹಾಕಿದವರಿಗೆ. ಹುದ್ದೆ ಖಾಲಿ ಇದ್ದರೆ ಬೆಂಗಳೂರಿನ ಆರೋಗ್ಯ ಆಯುಕ್ತರಿಗೆ, ಜೊತೆಗೆ ತಾತ್ಕಾಲಿಕವಾಗಿ ಗುತ್ತಿಗೆ ವೈದ್ಯರನ್ನು ಕೊಡಿ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ. ವೈದ್ಯಕೀಯ ಮುಗಿಸಿದವರಿಗೆ ಒಂದು ವರ್ಷದ ಸರ್ಕಾರಿ ಸೇವೆಯ ಕಾನೂನು ನಮ್ಮಲ್ಲಿ ಇದೆ, ಅದರಡಿ ಒಬ್ಬರನ್ನು ಹಾಕಿ ಎಂದೂ ಕೇಳಬಹುದು. ಹುದ್ದೆಯೇ ಇಲ್ಲದಿದ್ದರೆ ದಾರಿ ದೊಡ್ಡದು, ಆಗ ಶಾಸಕರು ಬೇಕೇ ಬೇಕು. ಬಯಲು ಪ್ರದೇಶದಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ನಿಮ್ಮ ಘಟ್ಟದ ಸೆರಗಿನ ಹಳ್ಳಿಗಳಿಗೆ ಯಾವ ಲೆಕ್ಕ ಹಿಡಿದಿದ್ದಾರೆ ಎಂದು ಕೇಳಿ.

ಮನವಿ ಕೊಡುವಾಗ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ನಂಬರು ಹಾಕಿಸಿಕೊಳ್ಳಿ. ಅಧಿಕಾರಿಯ ಕೈಗೆ ಕೊಡುವ ಫೋಟೊ ತೆಗೆಸಿಕೊಂಡು ನಂಬರು ಇಲ್ಲದೆ ಬರುವವರೇ ಜಾಸ್ತಿ. ಫೋಟೊ ವಾಟ್ಸಾಪಿಗೆ ಆಗುತ್ತದೆ, ನಂಬರು ಮುಂದಿನ ಪತ್ರಕ್ಕೆ ಬೇಕು. ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿದರೂ ನಂಬರು ಬರೆದಿಟ್ಟುಕೊಳ್ಳಿ.

ಗ್ರಾಮಸಭೆಯನ್ನು ಮರೆಯಬೇಡಿ. ಹತ್ತರಲ್ಲಿ ಒಂದು ಭಾಗ ಮತದಾರರು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಇದ್ದರೆ ಸಭೆಗೆ ಕೋರಂ. ನಿಮ್ಮ ಹತ್ತಿರ 600 ಸಹಿ ಇದೆ, ಅದರಲ್ಲಿ 150 ಜನ ಬಂದರೂ ಸಾಕು. ಠರಾವು ಬರೆಸಿ, ನಡಾವಳಿ ಪುಸ್ತಕದಲ್ಲಿ ಬಂದಿದೆಯಾ ಎಂದು ಅಲ್ಲೇ ಓದಿಸಿ, ಪಿಡಿಒ ಅವರಿಂದ ಪ್ರತಿ ತೆಗೆದುಕೊಳ್ಳಿ. ನಿಮ್ಮ 600 ಸಹಿಯನ್ನು ಯಾರೋ ಹುಡುಗರ ಗುಂಪು ಎನ್ನಬಹುದು. ಗ್ರಾಮಸಭೆಯ ಠರಾವನ್ನು ಹಾಗೆ ಅನ್ನಲು ಆಗುವುದಿಲ್ಲ.

ಆ ಠರಾವು ಹಿಡಿದು ಶಾಸಕರ ಹತ್ತಿರ ಹೋಗಿ. ‘ನಮಗೆ ಸಹಾಯ ಮಾಡಿ’ ಎನ್ನಬೇಡಿ, ಅವರು ಮಾಡಬಲ್ಲ ಎರಡು ಕೆಲಸ ಹೇಳಿ. ಒಂದು, ಅವರ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯುವ ತಾಲ್ಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಈ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸುವುದು. ತಾಲ್ಲೂಕು ಆರೋಗ್ಯಾಧಿಕಾರಿ ಅಲ್ಲಿ ಎದುರಿಗೇ ಕೂತಿರುತ್ತಾರೆ. ಇನ್ನೊಂದು, ಅಧಿವೇಶನದಲ್ಲಿ ಪ್ರಶ್ನೆ ಕೇಳುವುದು. ಸದನದಲ್ಲಿ ಕೇಳಿದ ಪ್ರಶ್ನೆಗೆ ಮಂತ್ರಿ ಲಿಖಿತ ಉತ್ತರ ಕೊಡಬೇಕು. ಆ ಉತ್ತರ ತಯಾರಿಸುವ ವಾರದಲ್ಲಿ ಇಲಾಖೆಯ ಕಡತಗಳು ಓಡುವ ವೇಗ ಬೇರೆ.

ಟ್ವಿಟರ್, ಸ್ಥಳೀಯ ಪತ್ರಿಕೆ ಎಲ್ಲ ಬೇಕು. ಆದರೆ ಕೈಯಲ್ಲಿ ಕಾಗದ ಬಂದ ಮೇಲೆ. ‘ಡಾಕ್ಟರಿಲ್ಲ’ ಎನ್ನುವುದು ಹಳೆಯ ಸುದ್ದಿ. ‘ಸಂಬಳ ಈ ಊರಲ್ಲಿ, ಕೆಲಸ ಬೇರೆ ಊರಲ್ಲಿ, ಇಗೋ ಆದೇಶ’ ಎನ್ನುವುದನ್ನು ಯಾವ ವರದಿಗಾರರೂ ಬಿಡುವುದಿಲ್ಲ.

‘ಕೋವಿಡ್ ಮುಗಿಯಿತಲ್ಲ, ಇನ್ನೇನು’ ಎಂದು ಯಾರಾದರೂ ಕೇಳಿದರೆ ಮಂಗಳೂರು-ಕಾಸರಗೋಡು ದಾರಿಯ ತಲಪಾಡಿ ಗಡಿಯನ್ನು ನೆನಪಿಸಿ. 2020ರ ಮಾರ್ಚಿನಲ್ಲಿ ಕರ್ನಾಟಕ ಕೇರಳದ ಗಡಿ ಮುಚ್ಚಿದಾಗ ಕಾಸರಗೋಡಿನವರು, ಅದರಲ್ಲಿ ನಮ್ಮ ಕನ್ನಡದವರೂ ಎಷ್ಟೋ ಜನ, ತಲೆತಲಾಂತರದಿಂದ ನಂಬಿದ್ದ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಿಂತರು. ದಾರಿ ಸಿಗದೆ ರೋಗಿಗಳು ಸತ್ತ ವರದಿಗಳು ಬಂದವು. ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ವಿಷಯ ಹೋದ ಮೇಲೆ, ಏಪ್ರಿಲ್ 7ರ ಹೊತ್ತಿಗೆ, ತುರ್ತು ರೋಗಿಗಳನ್ನು ಬಿಡಲು ಒಪ್ಪಂದ ಆಯಿತು. ಬೇರೆ ಜಿಲ್ಲೆಯ ಆಸ್ಪತ್ರೆಯನ್ನೇ ನಂಬಿ ಬದುಕುವ ಊರಿಗೆ ಸಾಂಕ್ರಾಮಿಕ ಬಂದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಮಣಿಪಾಲ, ಹುಬ್ಬಳ್ಳಿ, ಮಂಗಳೂರು ಎಂದು ಓಡುವ ನಿಮ್ಮ ಜಿಲ್ಲೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ಇನ್ನು ಪಕ್ಕದ ಮನೆಯ ಅಕ್ಕನ ವಿಷಯ. ಇದನ್ನು ಊರಿನ ಹೋರಾಟದ ಜೊತೆ ಸೇರಿಸಬೇಡಿ, ಬೇರೆಯಾಗಿ ಹಿಡಿಯಿರಿ. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಬಂದದ್ದೇ ಜನ ಕೇಳಿದ್ದರಿಂದ. ಸುಪ್ರೀಂ ಕೋರ್ಟು 2021ರ ಜೂನ್ 30ರಂದು ಪರಿಹಾರ ನಿಗದಿ ಮಾಡಿ ಎಂದು ಹೇಳಿತು, ಸೆಪ್ಟೆಂಬರಿನಲ್ಲಿ ಮೊತ್ತ ನಿಗದಿ ಆಯಿತು. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ ಬೇರೆ 1 ಲಕ್ಷ ಘೋಷಿಸಿತ್ತು. ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಅದೇ ವರ್ಷ ಅಕ್ಟೋಬರ್ 4ರಂದು ಕೋರ್ಟು ಸ್ಪಷ್ಟವಾಗಿ ಹೇಳಿದೆ. ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡರೆ, ಮನೆಯಲ್ಲೇ ತೀರಿಕೊಂಡಿದ್ದರೂ, ಅದು ಲೆಕ್ಕಕ್ಕೆ ಬರುತ್ತದೆ.

ತೊಡಕು ಒಂದಿದೆ, ಮುಚ್ಚಿಡುವುದಿಲ್ಲ. 2022ರ ಮಾರ್ಚ್ 20ಕ್ಕೆ ಮೊದಲಿನ ಸಾವುಗಳಿಗೆ ಅರ್ಜಿ ಹಾಕಲು ಆ ಮಾರ್ಚ್ 24ರಿಂದ 60 ದಿನ ಎಂದು ಕೋರ್ಟು ಗಡುವು ಹಾಕಿತು. ಆ ಗಡುವು ಎಂದೋ ಮುಗಿದಿದೆ. ಆದರೆ ತೀರಾ ಕಷ್ಟದಿಂದ ಅರ್ಜಿ ಹಾಕಲಾಗದವರು ಜಿಲ್ಲೆಯ ಕುಂದುಕೊರತೆ ಸಮಿತಿಯ ಮುಂದೆ ಹೋಗಬಹುದು, ಸಮಿತಿ ಒಂದೊಂದು ಪ್ರಕರಣವನ್ನೂ ನೋಡಿ ತೀರ್ಮಾನಿಸಬೇಕು ಎಂದೂ ಅದೇ ಆದೇಶದಲ್ಲಿದೆ. ಆಗಲೇ ಅರ್ಜಿ ಹಾಕಿದ್ದರೆ ಮಾತೇ ಬೇರೆ. ಹಳೆಯ ಸ್ವೀಕೃತಿ ಚೀಟಿ ಇದೆಯಾ ಎಂದು ಮೊದಲು ಹುಡುಕಿಸಿ. ಪರೀಕ್ಷೆ ವರದಿ, ಆಗ ಫೋನಿಗೆ ಬಂದ ಮೆಸೇಜು, ಸ್ಕ್ಯಾನಿಂಗ್ ಚೀಟಿ, ಡಿಸ್ಚಾರ್ಜ್ ಹಾಳೆ, ಏನು ಸಿಕ್ಕರೂ ಒಂದು ಕವರಿಗೆ ಹಾಕಿ.

ಆಮೇಲೆ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಮೊದಲೇ ಫೋನ್ ಮಾಡಿ ಕೇಳಬಹುದು. ಅಕ್ಕನನ್ನು ಒಬ್ಬರನ್ನೇ ಕಳಿಸಬೇಡಿ. ಆ ಕವರು ಬಿಚ್ಚಿ ಗಂಡನ ಹೆಸರಿನ ಕಾಗದಗಳನ್ನು ಕೌಂಟರಿನಲ್ಲಿ ತೋರಿಸುವುದು ಅವರಿಗೆ ಸುಲಭ ಅಲ್ಲ. ಜೊತೆಗೆ ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ, ಕೊಟ್ಟ ಅರ್ಜಿಗೆ ಮೊಹರು ಹಾಕಿಸಿಕೊಂಡು ಬನ್ನಿ.